ಕಾಲೇಜು ರೇಡರ್ ಪ್ರೊ ಕಬಡ್ಡಿಗೆ ಸಲ್ಲುತ್ತಾನೆಯೇ? ತೂಗಿ ನೋಡುವ ಬಗೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಓಡಾಡುವವರಿಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸ್ ಹೊಸದಲ್ಲ. ಆಟದ ಮೈದಾನದಲ್ಲಿ ಮ್ಯಾಟ್ ಹಾಸಿ, ನಾಲ್ಕು ಮೂಲೆಗೆ ದೀಪ ಕಟ್ಟಿ, ಮೈಕಿನಲ್ಲಿ ವೀಕ್ಷಕ ವಿವರಣೆ ಶುರುವಾದರೆ ಮಧ್ಯರಾತ್ರಿಯವರೆಗೂ ಜನ ಕದಲುವುದಿಲ್ಲ. ಕೊನೆಗೆ ಒಬ್ಬ ಹುಡುಗನಿಗೆ 'ಬೆಸ್ಟ್ ರೇಡರ್' ಬಹುಮಾನ ಸಿಗುತ್ತದೆ. ಮರುದಿನದಿಂದ ಅವನ ಗೆಳೆಯರು, ನೆಂಟರು ಎಲ್ಲರದೂ ಒಂದೇ ಮಾತು: "ಇವನು ಪ್ರೊ ಕಬಡ್ಡಿಗೆ ಹೋಗೋದೇ ಸರಿ."

ಹೋಗಬಹುದೇ? ಅದನ್ನು ಹೇಳುವುದು ಹೇಗೆ? ಇದು ಹರಟೆಯ ಪ್ರಶ್ನೆ ಮಾತ್ರವಲ್ಲ. ಡಿಗ್ರಿ ಕೊನೆಯ ವರ್ಷದಲ್ಲಿರುವ ಹುಡುಗ ಓದು ಬಿಟ್ಟು ಪೂರ್ಣಾವಧಿ ಅಭ್ಯಾಸಕ್ಕೆ ಇಳಿಯಬೇಕೇ ಬೇಡವೇ ಎಂಬುದು ಇದರ ಮೇಲೆ ನಿಂತಿರುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಈ ಪ್ರಶ್ನೆಗೆ ಹಣದ ತೂಕವೂ ಬಂದಿದೆ. 2022ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರನ್ನು ತಮಿಳ್ ತಲೈವಾಸ್ ತಂಡ 2.26 ಕೋಟಿ ರೂಪಾಯಿಗೆ ಕೊಂಡಿತು. ಅದೇ ಹರಾಜಿನ ಕೆಳಗಿನ ವಿಭಾಗದ ಮೂಲಬೆಲೆ 6 ಲಕ್ಷ. ಸುದ್ದಿಯಾಗುವುದು ಮೊದಲನೆಯ ಅಂಕಿ. ಹರಾಜಿನ ಪಟ್ಟಿಯಲ್ಲಿರುವ ಬಹುಪಾಲು ಆಟಗಾರರಿಗೆ ಹತ್ತಿರವಾದದ್ದು ಎರಡನೆಯದು.

ಹಾಗಾದರೆ ಒಬ್ಬ ಯುವ ರೇಡರ್‌ನಲ್ಲಿ ಏನನ್ನು ನೋಡಬೇಕು? ಯಾವ ನಂಬಿಕೆಗಳು ನಮ್ಮ ಕಣ್ಣು ಕಟ್ಟುತ್ತವೆ? ಒಂದೊಂದಾಗಿ ನೋಡೋಣ.

ನಂಬಿಕೆ 1: "ಉಸಿರು ಗಟ್ಟಿ ಇದ್ದವನೇ ಒಳ್ಳೆಯ ರೇಡರ್"

ಗಡಿಯಾರವಿಲ್ಲದ ಊರ ಆಟದಲ್ಲಿ ಉಸಿರೇ ಗಡಿಯಾರ. ಎಷ್ಟು ಹೊತ್ತು 'ಕಬಡ್ಡಿ ಕಬಡ್ಡಿ' ಎನ್ನಬಲ್ಲನೋ ಅಷ್ಟು ಹೊತ್ತು ಅವನು ಎದುರಾಳಿಯ ಅಂಕಣದಲ್ಲಿ ಇರಬಹುದು. ಈ ನಂಬಿಕೆ ಬಂದದ್ದು ಅಲ್ಲಿಂದ.

ಈಗ ಒಂದು ದಾಳಿಗೆ ಸಿಗುವುದು 30 ಸೆಕೆಂಡ್ ಮಾತ್ರ. ಆರೋಗ್ಯವಂತ ಯುವಕನಿಗೆ ಅಷ್ಟು ಹೊತ್ತು ಮೆಲ್ಲಗೆ ಉಸಿರು ಬಿಡುತ್ತಾ ಕಬಡ್ಡಿ ಎನ್ನುವುದು ದೊಡ್ಡ ಸವಾಲಲ್ಲ. ಸವಾಲಿರುವುದು ಸ್ನಾಯುಗಳಲ್ಲಿ. ದಾಳಿಯ ನಿರ್ಣಾಯಕ ಭಾಗ, ಅಂದರೆ ನುಗ್ಗುವುದು, ಮುಟ್ಟುವುದು, ಬಿಡಿಸಿಕೊಂಡು ಜಿಗಿಯುವುದು, ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಈ ಹೊತ್ತಿನಲ್ಲಿ ಸ್ನಾಯುಗಳು ತಮ್ಮೊಳಗೆ ಮೊದಲೇ ಕೂಡಿಟ್ಟುಕೊಂಡ ಫಾಸ್ಫೋಕ್ರಿಯಾಟಿನ್ ಎಂಬ ಇಂಧನವನ್ನು ಬಳಸುತ್ತವೆ. ಅದಕ್ಕೆ ಆ ಕ್ಷಣದ ಆಮ್ಲಜನಕ ಬೇಕಿಲ್ಲ. ಆದರೆ ಪೂರ್ತಿ ಬಲದಲ್ಲಿ ಬಳಸಿದರೆ ಸುಮಾರು 10 ಸೆಕೆಂಡಿನಲ್ಲೇ ಆ ದಾಸ್ತಾನು ಬಹಳ ಮಟ್ಟಿಗೆ ಖಾಲಿಯಾಗುತ್ತದೆ. ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷ ಬೇಕು. ಈ ಮರುಭರ್ತಿಗೆ ಆಮ್ಲಜನಕ ಬೇಕು.

ಹಾಗಾಗಿ ಹೃದಯ ಮತ್ತು ಶ್ವಾಸಕೋಶದ ಶಕ್ತಿ ಕೆಲಸಕ್ಕೆ ಬರುವುದು ಒಂದು ದಾಳಿಯ ಒಳಗಲ್ಲ, ಎರಡು ದಾಳಿಗಳ ನಡುವೆ. ಮುಖ್ಯ ರೇಡರ್ 40 ನಿಮಿಷದ ಪಂದ್ಯದಲ್ಲಿ 15-20 ಸಲ ದಾಳಿಗೆ ಹೋಗಬೇಕಾಗಬಹುದು. ಆದ್ದರಿಂದ ಅವನನ್ನು ನೋಡಲು ಹೋಗುವವರು ಪಂದ್ಯದ ಮೊದಲ ಹತ್ತು ನಿಮಿಷಕ್ಕಿಂತ ಕೊನೆಯ ಹತ್ತು ನಿಮಿಷವನ್ನು ಹೆಚ್ಚು ಗಮನಿಸಬೇಕು. ಆಗಲೂ ಕಾಲು ಅಷ್ಟೇ ಚುರುಕಾಗಿದೆಯೇ? ಇಲ್ಲವೇ ಸುಮ್ಮನೆ ಹೋಗಿ ಗೆರೆ ಮುಟ್ಟಿ ಬರುತ್ತಿದ್ದಾನೆಯೇ?

ನಂಬಿಕೆ 2: "ಹತ್ತು ಪಾಯಿಂಟ್ ತಂದವನೇ ಗೆಲ್ಲಿಸಿದವನು"

ಒಂದು ಪಂದ್ಯದಲ್ಲಿ ರೇಡರ್ ಹತ್ತು ಪಾಯಿಂಟ್ ತಂದರೆ ಅದು 'ಸೂಪರ್ 10'. ಮರುದಿನದ ಶೀರ್ಷಿಕೆ ಅವನದೇ. ಆದರೆ ಲೆಕ್ಕ ಇನ್ನೊಂದು ಮಾತು ಹೇಳಬಹುದು. ಉದಾಹರಣೆಗೆ ಇಬ್ಬರು ರೇಡರ್‌ಗಳನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ತಲಾ 20 ಸಲ ದಾಳಿಗೆ ಹೋಗಿದ್ದಾರೆ.

ಮೊದಲನೆಯವನು 9 ದಾಳಿಗಳಲ್ಲಿ ಗೆದ್ದು 10 ಪಾಯಿಂಟ್ ತಂದ. 7 ಸಲ ಸಿಕ್ಕಿಬಿದ್ದ. 4 ಸಲ ಬರಿಗೈಯಲ್ಲಿ ಬಂದ.

ಎರಡನೆಯವನು 6 ದಾಳಿಗಳಲ್ಲಿ ಗೆದ್ದು 8 ಪಾಯಿಂಟ್ ತಂದ. 2 ಸಲ ಮಾತ್ರ ಸಿಕ್ಕಿಬಿದ್ದ. 12 ಸಲ ಬರಿಗೈಯಲ್ಲಿ ಬಂದ.

ರೇಡರ್ ಸಿಕ್ಕಿಬಿದ್ದರೆ ಎದುರಾಳಿಗೆ ಕನಿಷ್ಠ ಒಂದು ಪಾಯಿಂಟ್. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ರಕ್ಷಕರಿದ್ದಾಗ ಸಿಕ್ಕಿಬಿದ್ದರೆ ಅದು ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಒಂದೇ ಎಂದು ಹಿಡಿದರೂ ಮೊದಲನೆಯವನ ನಿವ್ವಳ ಗಳಿಕೆ 3, ಎರಡನೆಯವನದು 6. ಅಷ್ಟೇ ಅಲ್ಲ, ಮೊದಲನೆಯವನು ಏಳು ಸಲ ಔಟಾಗಿ, ಜೊತೆಯವರು ಪಾಯಿಂಟ್ ತಂದು ಬದುಕಿಸುವವರೆಗೆ ಹೊರಗೆ ಕೂತಿದ್ದ. ಅಷ್ಟು ಹೊತ್ತು ತಂಡಕ್ಕೆ ಮುಖ್ಯ ರೇಡರೇ ಇರಲಿಲ್ಲ.

ಹಾಗಂತ ಎರಡನೆಯವನೇ ಮೇಲು ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ತಂಡ ಸತತ ಎರಡು ದಾಳಿಗಳಲ್ಲಿ ಬರಿಗೈಯಲ್ಲಿ ಬಂದರೆ ಮೂರನೆಯದು 'ಡು ಆರ್ ಡೈ'. ಅದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲವಾದರೆ ಔಟ್. ಎರಡನೆಯವನ 12 ಖಾಲಿ ದಾಳಿಗಳ ಭಾರ ಬೇರೆಯವರ ಹೆಗಲಿಗೆ ಬಿದ್ದಿರಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ದಾಳಿಗೆ ಎಷ್ಟು ಪಾಯಿಂಟ್? ಎಷ್ಟು ಸಲ ಔಟ್? ಡು ಆರ್ ಡೈ ದಾಳಿಗಳಲ್ಲಿ ಏನಾಯಿತು?

ಪಾಯಿಂಟ್ ಬಂದದ್ದು ಹೇಗೆ ಎಂಬುದೂ ಮುಖ್ಯ. ಎದುರಾಳಿ ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ. ಬರೀ ಬೋನಸ್‌ನಿಂದ ಪಾಯಿಂಟ್ ಕೂಡಿಸುವವನು ಎದುರಾಳಿಯ ಸಂಖ್ಯೆಯನ್ನು ಇಳಿಸುವುದಿಲ್ಲ. ಬೋನಸ್‌ನಿಂದ ತನ್ನ ಕಡೆಯವರು ಮತ್ತೆ ಅಂಕಣಕ್ಕೆ ಬರುವುದೂ ಇಲ್ಲ. ಮುಟ್ಟಿ ಔಟ್ ಮಾಡಿದರೆ ಎರಡೂ ಆಗುತ್ತದೆ.

ನಂಬಿಕೆ 3: "ಒಂದು ಟೂರ್ನಿ ನೋಡಿದರೆ ಸಾಕು, ಗೊತ್ತಾಗುತ್ತೆ"

ಇದು ಎಲ್ಲಕ್ಕಿಂತ ಮೋಸದ ನಂಬಿಕೆ. ಒಬ್ಬ ರೇಡರ್‌ನ ನಿಜವಾದ ಯಶಸ್ಸಿನ ಪ್ರಮಾಣ ಶೇ 45 ಎಂದಿಟ್ಟುಕೊಳ್ಳೋಣ. 20 ದಾಳಿಗಳಲ್ಲಿ ಅವನು ಸರಾಸರಿ 9 ಸಲ ಗೆಲ್ಲಬೇಕು. ಆದರೆ ಸಂಭವನೀಯತೆಯ ಲೆಕ್ಕ ಹಾಕಿದರೆ, ಬರೀ ಅದೃಷ್ಟದ ಏರಿಳಿತದಿಂದಲೇ ಆ ಸಂಖ್ಯೆ 5ರಿಂದ 13ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಅದೇ ಹುಡುಗ ಒಂದು ದಿನ ಶೇ 25, ಇನ್ನೊಂದು ದಿನ ಶೇ 65. ಅವನ ಆಟ ಬದಲಾಗಿಲ್ಲ, ನಾವು ನೋಡಿದ ದಿನ ಬದಲಾಗಿದೆ.

ಅದೇ 200 ದಾಳಿಗಳನ್ನು ನೋಡಿದರೆ ಏರಿಳಿತ ಸುಮಾರು ಶೇ 38ರಿಂದ 52ರ ಒಳಗೆ ಬರುತ್ತದೆ. ಒಂದು ರಾತ್ರಿಯ ಪಂದ್ಯಾವಳಿಗೂ ಒಂದು ಇಡೀ ಸೀಸನ್‌ಗೂ ಇರುವ ವ್ಯತ್ಯಾಸ ಇದು. ಹತ್ತಾರು ಸಮಾನ ರೇಡರ್‌ಗಳು ಆಡಿದರೂ ಪ್ರತಿ ಪಂದ್ಯಾವಳಿಯಲ್ಲಿ ಒಬ್ಬನಿಗೆ 'ಬೆಸ್ಟ್ ರೇಡರ್' ಟ್ರೋಫಿ ಸಿಕ್ಕೇ ಸಿಗುತ್ತದೆ. ಟ್ರೋಫಿ ಸುಳ್ಳಲ್ಲ. ಆದರೆ ಅದೊಂದೇ ಸಾಕ್ಷಿಯೂ ಅಲ್ಲ.

ಬೆಂಗಳೂರಿಗೆ ಇದರ ಪಾಠ ಚೆನ್ನಾಗಿ ಗೊತ್ತು. 2015ರಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿ ಒಬ್ಬ ಹೊಸ ಹುಡುಗನಿದ್ದ. ಆರು ಪಂದ್ಯಗಳಲ್ಲಿ ಅವನು ತಂದದ್ದು ಒಂಬತ್ತು ರೇಡ್ ಪಾಯಿಂಟ್. ಮುಂದಿನ ಸೀಸನ್‌ಗೆ ಅವನು ಪಟ್ನಾ ಪೈರೇಟ್ಸ್ ಸೇರಿದ. ಅವನೇ ಪರ್ದೀಪ್ ನರ್ವಾಲ್. ಪಟ್ನಾ ಸತತ ಮೂರು ಸಲ ಚಾಂಪಿಯನ್ ಆಯಿತು. 2017ರ ಒಂದೇ ಸೀಸನ್‌ನಲ್ಲಿ ಪರ್ದೀಪ್ 369 ರೇಡ್ ಪಾಯಿಂಟ್ ತಂದರು. ಲೀಗ್‌ನ ಇತಿಹಾಸದಲ್ಲಿ 1,800ಕ್ಕೂ ಹೆಚ್ಚು ರೇಡ್ ಪಾಯಿಂಟ್ ಗಳಿಸಿದರು. ಒಂಬತ್ತು ಪಾಯಿಂಟ್‌ನ ಆ ಸಣ್ಣ ಮಾದರಿ ಅವರ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಪವನ್ ಸೆಹ್ರಾವತ್ ಕಥೆಯೂ ಹೀಗೇ. ಬುಲ್ಸ್‌ನಿಂದ ಗುಜರಾತ್ ತಂಡಕ್ಕೆ ಹೋದಾಗ ಅಲ್ಲಿ ಅವರಿಗೆ ಅವಕಾಶ ಸಿಕ್ಕಿದ್ದೇ ಕಡಿಮೆ. 2018ರಲ್ಲಿ ಮತ್ತೆ ಬುಲ್ಸ್‌ಗೆ ಬಂದು 271 ರೇಡ್ ಪಾಯಿಂಟ್ ತಂದರು. 2019ರ ಜನವರಿಯಲ್ಲಿ ನಡೆದ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ 22 ಪಾಯಿಂಟ್ ಗಳಿಸಿ ಬೆಂಗಳೂರಿಗೆ ಮೊದಲ ಟ್ರೋಫಿ ತಂದುಕೊಟ್ಟರು.

ಇದು ಕಬಡ್ಡಿಗೆ ಮಾತ್ರ ಇರುವ ತೊಡಕಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ 'ರನ್ನಿಂಗ್ ಬ್ಯಾಕ್' ಎಂಬ ಆಟಗಾರನ ಕೆಲಸ ನಮ್ಮ ರೇಡರ್‌ಗೆ ಬಹಳ ಹತ್ತಿರ: ಹಿಡಿಯಲು ಬರುವವರ ನಡುವೆ ಸಂದು ಹುಡುಕಿ ನುಗ್ಗುವುದು. ಅಲ್ಲಿ ಕಾಲೇಜಿನಿಂದ ವೃತ್ತಿಪರ ಲೀಗ್‌ಗೆ ಬರುವ ಹುಡುಗರನ್ನು ಪ್ರತಿವರ್ಷ ಒಂದೆಡೆ ಸೇರಿಸಿ, 40 ಗಜ ಓಡಿಸಿ, ಜಿಗಿಸಿ, ತೂಗಿ ಅಳೆಯುತ್ತಾರೆ. ಇಷ್ಟೆಲ್ಲ ಇದ್ದೂ 1990ರಲ್ಲಿ ಓಟದ ವೇಗ ಸಾಲದು ಎಂಬ ಅನುಮಾನದ ನಡುವೆ ಎಮಿಟ್ ಸ್ಮಿತ್ 17ನೆಯವರಾಗಿ ಆಯ್ಕೆಯಾದರು. ಮುಂದೆ 18,355 ಗಜ ಓಡಿ ಆ ಲೀಗ್‌ನ ಸಾರ್ವಕಾಲಿಕ ದಾಖಲೆ ಬರೆದರು. 1995ರಲ್ಲಿ 196ನೆಯವರಾಗಿ ಆಯ್ಕೆಯಾದ ಟೆರೆಲ್ ಡೇವಿಸ್ ಮೂರು ವರ್ಷಗಳ ನಂತರ ಒಂದೇ ಸೀಸನ್‌ನಲ್ಲಿ 2,008 ಗಜ ಓಡಿದರು. ಸ್ಟಾಪ್‌ವಾಚ್ ಅಳೆಯುವುದು ನೇರ ಓಟವನ್ನು. ಆಟ ಕೇಳುವುದು ಬೇರೆಯದನ್ನು.

ಆಟ ಕೇಳುವುದೇನು?

ಕಬಡ್ಡಿ ಅಂಕಣದ ಅಳತೆ ನೋಡಿ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಎರಡೂ ಬದಿಯ ಒಂದೊಂದು ಮೀಟರ್ ಲಾಬಿ. ಯಾರನ್ನಾದರೂ ಮುಟ್ಟುವವರೆಗೆ ಅದನ್ನು ಬಳಸುವಂತಿಲ್ಲ. ಅಂದರೆ ರೇಡರ್‌ಗೆ ಸಿಗುವ ಅಗಲ 8 ಮೀಟರ್. ನಡುಗೆರೆಯಿಂದ ಬೋನಸ್ ಗೆರೆಗೆ 4.75 ಮೀಟರ್. ಇಷ್ಟು ಚಿಕ್ಕ ಜಾಗದಲ್ಲಿ ಯಾರೂ ತಮ್ಮ ಪೂರ್ಣ ವೇಗ ಮುಟ್ಟುವುದೇ ಇಲ್ಲ. ನೂರು ಮೀಟರ್ ಓಟಗಾರನ ವೇಗ ಇಲ್ಲಿ ನಿರುಪಯೋಗಿ. ಬೇಕಾದದ್ದು ನಿಂತಲ್ಲಿಂದ ಮೊದಲ ಎರಡು ಹೆಜ್ಜೆಯ ಸ್ಫೋಟ, ಮತ್ತು ಓಡುತ್ತಿರುವಾಗ ಥಟ್ಟನೆ ನಿಲ್ಲುವ ಶಕ್ತಿ.

ನಿಲ್ಲುವುದು ಓಡುವುದಕ್ಕಿಂತ ಕಷ್ಟ. 80 ಕೆಜಿ ತೂಕದ ಆಟಗಾರ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಂದು 0.2 ಸೆಕೆಂಡಿನಲ್ಲಿ ನಿಂತರೆ ಅವನ ಕಾಲು ತಡೆಯಬೇಕಾದ ಬಲ ಸುಮಾರು 1,600 ನ್ಯೂಟನ್. ಅದು ಅವನ ದೇಹತೂಕದ ಎರಡು ಪಟ್ಟು, ಅದೂ ಹೆಚ್ಚಾಗಿ ಒಂದೇ ಕಾಲಿನ ಮೇಲೆ. ಇದನ್ನು ಸಲೀಸಾಗಿ ಮಾಡುವವನು ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ತಿರುಗಬಲ್ಲ.

ತೋರಿಸಿ ತಿರುಗುವುದು ಯಾಕೆ ಕೆಲಸ ಮಾಡುತ್ತದೆ? ಕಣ್ಣಿಗೆ ಕಂಡದ್ದಕ್ಕೆ ದೇಹ ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ರೇಡರ್ 80 ಸೆಂಟಿಮೀಟರ್ ಸರಿದಿರುತ್ತಾನೆ. ಇದು ರಕ್ಷಕರಿಗೂ ಗೊತ್ತು. ಹಾಗಾಗಿ ಅನುಭವಿ ಕಾರ್ನರ್ ಆಟಗಾರ ನೋಡಿ ಸ್ಪಂದಿಸುವುದಿಲ್ಲ, ಮೊದಲೇ ಊಹಿಸುತ್ತಾನೆ. ರೇಡರ್‌ನ ಭುಜ, ಸೊಂಟ, ಪಾದದ ದಿಕ್ಕನ್ನು ಓದಿ ಜಿಗಿಯುತ್ತಾನೆ. ಕಾಲೇಜು ಮಟ್ಟಕ್ಕೂ ವೃತ್ತಿಪರ ಮಟ್ಟಕ್ಕೂ ಇರುವ ದೊಡ್ಡ ಅಂತರ ಇದೇ. ಕಾಲೇಜಿನಲ್ಲಿ ಒಂದೇ ಒಳ್ಳೆಯ ಕೌಶಲದಿಂದ, ಉದಾಹರಣೆಗೆ ಕೈ ಬೀಸಿ ಮುಟ್ಟುವುದರಿಂದ, ಪಂದ್ಯ ಗೆಲ್ಲಬಹುದು. ಲೀಗ್‌ನಲ್ಲಿ ಅದರ ವಿಡಿಯೊ ನೋಡಿ ಎದುರಾಳಿ ಸಿದ್ಧವಾಗಿರುತ್ತಾನೆ. ಮೊದಲ ಉಪಾಯ ಸೋತಾಗ ಎರಡನೆಯದು ಇದೆಯೇ ಎಂಬುದೇ ನಿಜವಾದ ಪರೀಕ್ಷೆ.

ಎತ್ತರದ ವಿಚಾರದಲ್ಲೂ ಹೀಗೇ. ಕೈ ಉದ್ದವಿದ್ದರೆ ದೂರದಿಂದ ಮುಟ್ಟಬಹುದು, ನಿಜ. ಆದರೆ ಪರ್ದೀಪ್ ಹೆಸರಾದದ್ದು 'ಡುಬ್ಕಿ'ಗೆ, ಅಂದರೆ ಕೈಕೈ ಹಿಡಿದ ಚೈನ್‌ನ ಕೆಳಗೆ ತಲೆ ಬಗ್ಗಿಸಿ ನುಸುಳುವುದಕ್ಕೆ. ಗುರುತ್ವ ಕೇಂದ್ರ ನೆಲಕ್ಕೆ ಹತ್ತಿರವಾದಷ್ಟೂ ಅವನನ್ನು ಉರುಳಿಸುವುದು ಕಷ್ಟ. ಎರಡೂ ಬಗೆಯ ದೇಹಕ್ಕೆ ಇಲ್ಲಿ ದಾರಿಯಿದೆ.

ನಂಬಿಕೆ 4: "ಮಣ್ಣಲ್ಲಿ ಆಡಿ ಬೆಳೆದವನಿಗೆ ಏನೂ ಆಗಲ್ಲ"

ಮಣ್ಣಿನ ಅಂಕಣದಲ್ಲಿ ಕಾಲು ಸ್ವಲ್ಪ ಜಾರುತ್ತದೆ. ಆ ಜಾರುವಿಕೆಯಲ್ಲೇ ಒಂದಷ್ಟು ಬಲ ಕರಗುತ್ತದೆ. ಮ್ಯಾಟ್ ಮೇಲೆ ಶೂ ಬಿಗಿಯಾಗಿ ಹಿಡಿಯುತ್ತದೆ. ಬಿದ್ದರೆ ತರಚುವುದು ಕಡಿಮೆ, ಆದರೆ ಪಾದ ನೆಲಕ್ಕೆ ಕಚ್ಚಿಕೊಂಡು ದೇಹ ತಿರುಗಿದಾಗ ಆ ತಿರುಚುವಿಕೆ ಮಂಡಿಗೆ ಹೋಗುತ್ತದೆ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಹೆಚ್ಚಾಗಿ ಹೀಗೆಯೇ. ಮಣ್ಣಿನಿಂದ ಮ್ಯಾಟ್‌ಗೆ ಬರುವ ಹುಡುಗ ಹೆಜ್ಜೆಯಿಡುವುದನ್ನು ಹೊಸದಾಗಿ ಕಲಿಯಬೇಕು.

2.26 ಕೋಟಿಗೆ ಮಾರಾಟವಾದ ಪವನ್ 2022ರ ಅಕ್ಟೋಬರ್‌ನಲ್ಲಿ ಸೀಸನ್‌ನ ತಮ್ಮ ಮೊದಲ ಪಂದ್ಯದಲ್ಲೇ ಮಂಡಿ ಗಾಯದಿಂದ ಹೊರನಡೆದರು. ಆ ಸೀಸನ್ ಅಲ್ಲಿಗೇ ಮುಗಿಯಿತು. ಸುಧಾರಿಸಿಕೊಂಡು ಬಂದು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕರಾದರು. ಅವರಿಗೆ ವೈದ್ಯರು, ಫಿಸಿಯೋ, ಸಮಯ ಎಲ್ಲವೂ ಇತ್ತು. ಕಾಲೇಜು ಹುಡುಗನಿಗೆ ಅದೆಲ್ಲ ಸಿಗುವುದು ಅಪರೂಪ. ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳು ತುಂಬುವ ಮೊದಲೇ ಆಟಕ್ಕೆ ಇಳಿದರೆ ಮತ್ತೆ ಗಾಯವಾಗುವ ಅಪಾಯ ಹೆಚ್ಚು ಎಂದು ಸಂಶೋಧನೆಗಳು ತೋರಿಸಿವೆ. ಆದರೂ 'ಬ್ಯಾಂಡೇಜ್ ಸುತ್ತಿಕೊಂಡು ಆಡು' ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಹುಡುಗನನ್ನು ತೂಗುವಾಗ ಮಂಡಿಯ ಇತಿಹಾಸವನ್ನೂ ತೂಗಬೇಕು.

ವಯಸ್ಸು ಮತ್ತು ಎದುರಾಳಿ

17ರ ಹುಡುಗ ತಂದ ಹತ್ತು ಪಾಯಿಂಟ್, 23ರ ಯುವಕ ತಂದ ಹತ್ತು ಪಾಯಿಂಟ್ ಒಂದೇ ಅಲ್ಲ. ಮೊದಲನೆಯವನ ದೇಹ ಇನ್ನೂ ಬೆಳೆಯುತ್ತಿದೆ. ಹಾಗೆಯೇ, ಬೇಗ ಮೈಕಟ್ಟು ಬಂದ ಹುಡುಗ ಕಿರಿಯರ ವಿಭಾಗದಲ್ಲಿ ಬರೀ ಬಲದಿಂದ ಗೆಲ್ಲಬಹುದು. ಉಳಿದವರ ಮೈಯೂ ತುಂಬಿದ ಮೇಲೆ ಆ ಅನುಕೂಲ ಮಾಯವಾಗುತ್ತದೆ. ದೆಹಲಿ ತಂಡಕ್ಕೆ 18ರ ವಯಸ್ಸಿನಲ್ಲಿ ಬಂದ ನವೀನ್ ಕುಮಾರ್ ಮರುವರ್ಷವೇ ಒಂದು ಸೀಸನ್‌ನಲ್ಲಿ 300 ರೇಡ್ ಪಾಯಿಂಟ್ ದಾಟಿದರು. ಅಷ್ಟು ಎಳೆಯ ವಯಸ್ಸಿನಲ್ಲಿ, ಪೂರ್ತಿ ಬೆಳೆದ ವೃತ್ತಿಪರರ ಎದುರು ಬಂದ ಪಾಯಿಂಟ್‌ಗಳಿಗೆ ಬೆಲೆ ಹೆಚ್ಚು. ಆದ್ದರಿಂದ ಅಂಕಿ ನೋಡುವಾಗ ಪಕ್ಕದಲ್ಲಿ ಎರಡು ವಿಷಯ ಬರೆದುಕೊಳ್ಳಿ: ವಯಸ್ಸೆಷ್ಟು, ಹಿಡಿಯಲು ನಿಂತವರು ಯಾರು.

ಮನೆಯವರು ತಿಳಿಯಬೇಕಾದದ್ದು

ಲೀಗ್‌ಗೆ ಬಾಗಿಲುಗಳು ಇವೆ. ಎಳೆಯರಿಗಾಗಿ ಲೀಗ್‌ನಲ್ಲೇ 'ನ್ಯೂ ಯಂಗ್ ಪ್ಲೇಯರ್ಸ್' ಎಂಬ ವಿಭಾಗವಿದೆ. 2022ರಿಂದ ಯುವ ಕಬಡ್ಡಿ ಸೀರೀಸ್ ಎಂಬ ಟೂರ್ನಿಯೂ ನಡೆಯುತ್ತಿದೆ. ಪಶ್ಚಿಮ ಬೆಂಗಳೂರಿನವರಿಗೆ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೂ ದೂರವಿಲ್ಲ, ಮೈಸೂರು ರಸ್ತೆಯ ಜ್ಞಾನಭಾರತಿ ಬಳಿಯೇ ಇದೆ. ನಮ್ಮವರೇ ಆದ ಬಿ.ಸಿ. ರಮೇಶ್ ಅವರಂಥ ಅರ್ಜುನ ಪ್ರಶಸ್ತಿ ವಿಜೇತರು ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನು, 2024ರಲ್ಲಿ ಪುಣೇರಿ ಪಲ್ಟನ್ ತಂಡವನ್ನು ಚಾಂಪಿಯನ್ ಮಾಡಿದ್ದಾರೆ. ಇಲ್ಲಿಂದ ಅಲ್ಲಿಗೆ ದಾರಿಯಿಲ್ಲ ಎಂದೇನಿಲ್ಲ.

ಆದರೆ ದಾರಿ ಕಿರಿದು. 12 ತಂಡ, ಒಂದೊಂದರಲ್ಲಿ ಗರಿಷ್ಠ 25 ಆಟಗಾರರು, ಅಂದರೆ ಇಡೀ ದೇಶಕ್ಕೆ ಮತ್ತು ವಿದೇಶಿಯರಿಗೆ ಸೇರಿ ಹೆಚ್ಚೆಂದರೆ 300 ಜಾಗ. ಹೆಣ್ಣುಮಕ್ಕಳಿಗಂತೂ ಪ್ರೊ ಕಬಡ್ಡಿಯಲ್ಲಿ ಇನ್ನೂ ಜಾಗವಿಲ್ಲ. ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಅವರಂಥ ಅರ್ಜುನ ಪ್ರಶಸ್ತಿ ವಿಜೇತೆಯರು ಬಂದ ನಾಡಿನಲ್ಲೂ ಹುಡುಗಿಯರಿಗೆ ಹರಾಜಿನ ಕನಸು ದೂರವೇ ಉಳಿದಿದೆ.

ಪಟ್ಟಿಗೆ ಸೇರಿದರೂ ಆಟದ ಆಯಸ್ಸು ಚಿಕ್ಕದು. ಲೀಗ್‌ನ ಅತಿ ದೊಡ್ಡ ರೇಡರ್ ಎನಿಸಿಕೊಂಡ ಪರ್ದೀಪ್ ಅವರನ್ನೇ 2025ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಅವರು ನಿವೃತ್ತಿ ಘೋಷಿಸಿದರು. ಹಾಗಾಗಿ ಡಿಗ್ರಿ ಮುಗಿಸಿಕೊಳ್ಳುವುದು ಹೇಡಿತನವಲ್ಲ. ರೈಲ್ವೆ, ಪೊಲೀಸ್, ಬ್ಯಾಂಕ್‌ಗಳ ಕ್ರೀಡಾ ಕೋಟಾ ಕೆಲಸಗಳಿಗೂ ಅದು ನೆರವಾಗುತ್ತದೆ.

ಮೂರು ಎಚ್ಚರಿಕೆಗಳು. ಒಂದು, ಹಣ ಕೊಟ್ಟರೆ ಟ್ರಯಲ್ಸ್‌ನಲ್ಲಿ ಆಯ್ಕೆ ಮಾಡಿಸುತ್ತೇನೆ ಎನ್ನುವವರಿಂದ ದೂರವಿರಿ. ಎರಡು, ತೂಕದ ವಿಭಾಗಕ್ಕೆ ಹೊಂದಲು ನೀರು ಬಿಟ್ಟು, ಬೆವರು ಸುರಿಸಿ ತೂಕ ಇಳಿಸುವ ಅಭ್ಯಾಸ ಬೇಡ. ದೇಹತೂಕದ ಶೇ 2ರಷ್ಟು ನೀರು ಕಳೆದುಕೊಂಡರೇ ಆಟದ ಸಾಮರ್ಥ್ಯ ಕುಂದತೊಡಗುತ್ತದೆ, ಇನ್ನೂ ಹೆಚ್ಚಾದರೆ ಜೀವಕ್ಕೇ ಅಪಾಯ. ಮೂರು, ಜಿಮ್‌ನಲ್ಲಿ ಯಾರೋ ಕೊಟ್ಟ ಪುಡಿ, ಇಂಜೆಕ್ಷನ್ ಮುಟ್ಟಬೇಡಿ. ಉದ್ದೀಪನ ಮದ್ದಿನ ನಿಯಮದಲ್ಲಿ 'ನನಗೆ ಗೊತ್ತಿರಲಿಲ್ಲ' ಎಂದರೆ ಪಾರಾಗುವಂತಿಲ್ಲ. ದೇಹದಲ್ಲಿ ಸಿಕ್ಕ ವಸ್ತುವಿಗೆ ಆಟಗಾರನೇ ಹೊಣೆ. ಸ್ಟೀರಾಯ್ಡ್ ಸಿಕ್ಕರೆ ನಾಲ್ಕು ವರ್ಷದವರೆಗೆ ನಿಷೇಧ ಬೀಳಬಹುದು. ರೇಡರ್‌ನ ಬದುಕಿನಲ್ಲಿ ನಾಲ್ಕು ವರ್ಷ ಎಂದರೆ ಹೆಚ್ಚುಕಡಿಮೆ ಎಲ್ಲವೂ.

ಮುಂದಿನ ಸಲ ಹೊನಲು ಬೆಳಕಿನ ಪಂದ್ಯ ನೋಡಲು ಹೋದಾಗ ಒಂದು ಚೀಟಿ, ಪೆನ್ನು ಜೇಬಿನಲ್ಲಿರಲಿ. ಒಬ್ಬ ರೇಡರ್‌ನನ್ನು ಆರಿಸಿಕೊಳ್ಳಿ. ಪ್ರತಿ ದಾಳಿಗೂ ಒಂದು ಗುರುತು ಹಾಕಿ: ಗೆದ್ದ, ಸಿಕ್ಕಿಬಿದ್ದ, ಬರಿಗೈ. ಡು ಆರ್ ಡೈ ಆದರೆ ಪಕ್ಕಕ್ಕೊಂದು ಚುಕ್ಕೆ. ಹತ್ತು ಪಂದ್ಯ ಹೀಗೆ ಬರೆದರೆ ಸುಮಾರು 200 ದಾಳಿಗಳ ಲೆಕ್ಕ ಸಿಗುತ್ತದೆ. "ಇವನು ಹೋಗೋದೇ ಸರಿ" ಎಂಬ ಚಪ್ಪಾಳೆಗಿಂತ ಆ ಚೀಟಿಯೇ ಹುಡುಗನಿಗೂ ಅವನ ಅಪ್ಪ ಅಮ್ಮನಿಗೂ ಹೆಚ್ಚು ಉಪಕಾರ ಮಾಡೀತು.